ಪಂಚ್ ಮಾಡಿದ ಚೀಟಿ

ಮಾರ್ಚ್ 3, ಮಂಗಳವಾರ

ಬೆಳಗ್ಗೆಯಿಂದ ಯೂನಿಫಾರ್ಮ್ ಪ್ಯಾಂಟುಗಳೇ. ಅಂಚು ಬಿಚ್ಚು, ಉದ್ದ ಮಾಡು, ಹೊಲಿ. ಮಕ್ಕಳು ಬೆಳೀತಾವೆ, ಅಪ್ಪಂದಿರು ಹೊಸದು ಕೊಡಿಸಲ್ಲ. ನನ್ನ ಮಿಷನ್ನಿಗೆ ಅದೇ ಅನ್ನ.

ಎದುರುಗಡೆ ಮೇಜಿನಲ್ಲಿ ಇವ್ರು, ಕಂಪನಿಗಳ ಬಹುಮಾನ ಸ್ಪರ್ಧೆಗೆ ಕೂಪನ್ ಅಂಟಿಸ್ತಾ. ಗೋಂದು, ಪೆನ್ನು, ಸೋಪಿನ ಕವರ್, ಬಿಸ್ಕತ್ ರ‍್ಯಾಪರ್... ಮತ್ತೆ ನನ್ನ ಬಟ್ಟೆ ಕತ್ತರಿ! ಪೇಪರ್ ಕತ್ತರಿಸಿದ್ರೆ ಮೊಂಡಾಗತ್ತೆ ಅಂತ ಬಾಯಿ ಬಡ್ಕೊಂಡೆ. "ಸ್ಕೂಟರ್ ಬರ್ಲಿ ತಡಿ, ನಿಂಗೆ ಹೊಸ ಕತ್ತರಿ." ಸ್ಕೂಟರ್ ಇಲ್ಲದೆ ಮೂರು ಹೆಲ್ಮೆಟ್ ಗೆದ್ದು ಅಟ್ಟದ ಮೇಲಿಟ್ಟಿರೋ ಮನುಷ್ಯ. ಮಗಳ ಮದುವೆಯಾದ ವರ್ಷ ಮಕ್ಕಳು ಆಡೋ ರಬ್ಬರ್ ಈಜುಕೊಳ ಗೆದ್ರು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ.

ಈ ಡೈರಿನೂ ಗೆದ್ದಿದ್ದೇ. ಸಮಾಧಾನಕರ ಬಹುಮಾನ. "ನೀನೇ ಬರ್ಕೋ, ನಂಗೆ ಬರೆಯೋದು ಬೇಕಾದಷ್ಟಿದೆ" ಅಂದ್ರು.

ಕಂಡಕ್ಟರ್ ಕೆಲಸ ಬಿಟ್ಟು ಎಷ್ಟೋ ವರ್ಷ ಆಯ್ತು, ಆ ಟಿಕೆಟ್ ಪಂಚ್ ಮಾತ್ರ ಕೈ ಬಿಟ್ಟಿಲ್ಲ. ಪ್ರತಿ ಚೀಟಿ ಮೂಲೆಗೂ ಒಂದು — ಟಕ್. ಅರ್ಧಚಂದ್ರದ ತೂತು. "ಪಂಚ್ ಮಾಡ್ದೆ ಇದ್ರೆ ಅದು ಟಿಕೆಟ್ಟೇ ಅಲ್ಲ ಕಣೇ." ಅದೃಷ್ಟ ಅಂತೆ. ನೆಲದ ತುಂಬ ಸಣ್ಣ ಸಣ್ಣ ಚಂದ್ರ. ಗುಡಿಸೋಳು ಯಾರು? ನಾನು.

ಮಾರ್ಚ್ 9

ಡಾಕ್ಟರ್ ಹತ್ರ ಹೋಗಿದ್ವಿ. ಇವ್ರ ಹಾರ್ಟು ಇನ್ನೂ ವೀಕಾಗಿದೆಯಂತೆ. ಮೆಟ್ಟಿಲು ಹತ್ತಬೇಡಿ ಅಂದ್ರು. ನಾವಿರೋದೇ ಎರಡನೇ ಮಹಡಿ! ಹೇಗೋ ಹತ್ತಿಸಿಕೊಂಡು ಬಂದೆ. ಬಂದವರೇ ಉಸಿರು ಸರಿ ಮಾಡ್ಕೊಳ್ಳೋಕೂ ಕಾಯದೆ ಗೋಂದಿನ ಬಾಟ್ಲಿಗೆ ಕೈ ಹಾಕಿದ್ರು. ರೇಗಿ ಹೋಯ್ತು ನಂಗೆ. ಚೆನ್ನಾಗಿ ಬೈದೆ. ಅವ್ರೂ ಬಿಡ್ಲಿಲ್ಲ. ಆಮೇಲೆ ಎಂದಿನಂತೆ ಚಹಾ ಮಾಡಿ ಮುಂದಿಟ್ಟೆ. ಮುಟ್ಲಿಲ್ಲ. "ಜಗಳ ಆರಿದ್ರೆ ಆರ್ಲಿ ರೀ, ಚಹಾ ಯಾಕೆ ಆರಬೇಕು, ಕುಡೀರಿ" ಅಂದೆ.

ತಟ್ಟಂತ ತಲೆ ಎತ್ತಿದ್ರು. "ಏನಂದೆ? ಇನ್ನೊಂದ್ಸಲ ಹೇಳು!"

ಚಹಾ ಕಂಪನಿದೊಂದು ಸ್ಪರ್ಧೆ ಬಂದಿದೆಯಂತೆ. ಒಂದು ಸಾಲು ಬರೆದು ಕಳಿಸ್ಬೇಕು, ಬಂದ ಚೀಟಿಗಳಲ್ಲಿ ಲಾಟರಿ ಎತ್ತುತ್ತಾರೆ. ಸ್ಕೂಟರ್ ಎರಡನೇ ಬಹುಮಾನ. ಮೊದಲನೇದು — ಗೆದ್ದವರ ಸಾಲು, ಮನೆಯವರ ಜೊತೆ ಫೋಟೋ, ಹೆಸರು, ಎಲ್ಲಾ ಚಹಾ ಪ್ಯಾಕೆಟ್ ಮೇಲೆ.

ಬರೆದು ತೋರ್ಸಿದ್ರು. *ಜಗಳ ಆರಲಿ, ಚಹಾ ಆರದಿರಲಿ.*

"ಲೆಕ್ಕ ಇಲ್ಲದಷ್ಟು ಟಿಕೆಟ್ ಹರಿದು ಕೊಟ್ಟೆ ಕಣೇ. ಒಂದರ ಮೇಲೂ ನನ್ನ ಹೆಸರಿರ್ಲಿಲ್ಲ. ಒಂದ್ಸಲ ಅಂಗಡೀಲಿ ನನ್ನ ಹೆಸರು ನೋಡ್ಬೇಕು."

ಹೆಲ್ಮೆಟ್ಟು ಗೆದ್ದಾಗ ನಗ್ತಿದ್ದೆ. ಇದಕ್ಕೆ ನಗು ಬರ್ಲಿಲ್ಲ.

ಮಾರ್ಚ್ 16, ಸೋಮವಾರ

ಕೂಪನ್ ಹಿಂದೆ ಇರುವೆ ಸಾಲಿನ ಹಾಗೆ ನಿಯಮಗಳು. ಅವ್ರ ಕನ್ನಡಕಕ್ಕೆ ಸಿಗ್ಲಿಲ್ಲ, ನಾನೇ ಓದ್ದೆ. ಒಂದು ಸಾಲನ್ನ ಎರಡ್ಸಲ ಓದ್ದೆ. "ಸ್ಪರ್ಧೆಗಳಲ್ಲಿ ಭಾಗವಹಿಸುವುದನ್ನೇ ಹವ್ಯಾಸವಾಗಿ ಇಟ್ಟುಕೊಂಡವರ ಪ್ರವೇಶಪತ್ರಗಳನ್ನು ಡ್ರಾಗೆ ಪರಿಗಣಿಸಲಾಗುವುದಿಲ್ಲ."

ಮಗಳು ಬಂದಿದ್ಲು. ಎರಡು ಬೀದಿ ಆಚೆ ಅವಳ ಮನೆ. "ಅಪ್ಪ, ಅವ್ರು ಹೇಳೋದ್ರಲ್ಲೂ ನ್ಯಾಯ ಇದೆ. ನೀವು ಒಂದು ಸ್ಪರ್ಧೆಗೆ ಚೀಲದ ತುಂಬ ಕಳಿಸ್ತೀರ. ಪಾಪ, ಯಾರೋ ಒಂದೇ ಒಂದು ಕಳಿಸಿರ್ತಾರೆ. ಅವರಿಗೆ ಯಾವಾಗ ಬರ್ಬೇಕು?"

ಜಗಳ ಆಡ್ತಾರೆ ಅಂದ್ಕೊಂಡೆ. ಇಲ್ಲ.

"ಹೌದಮ್ಮ. ಒಬ್ಬನೇ ಹತ್ತು ಸೀಟಿಗೆ ಕರ್ಚೀಫ್ ಹಾಕಿದ್ರೆ ನಾನೇ ಎತ್ತಿ ಕಿಟಕಿಯಿಂದ ಬಿಸಾಕ್ತಿದ್ದೆ" ಅಂದ್ರು.

ಅವ್ರು ವಾದ ಮಾಡಿದ್ರೆ ಚೆನ್ನಾಗಿತ್ತು.

ಮಾರ್ಚ್ 18

ನಾನೇ ಹೇಳ್ದೆ — ನಾನು ಕಳಿಸ್ತೀನಿ. ಒಂದೇ ಚೀಟಿ. ನಾನೇನು ಹವ್ಯಾಸದವಳಲ್ಲ, ಜೀವಮಾನದಲ್ಲಿ ಒಂದೂ ಹಾಕಿಲ್ಲ. ಸಾಲು ಬಿದ್ದಿದ್ದೂ ನನ್ನ ಬಾಯಿಂದಾನೇ. ಪ್ಯಾಕೆಟ್ ಮೇಲೆ "ಮನೆಯವರ ಜೊತೆ ಫೋಟೋ" ಅಂದ್ಮೇಲೆ ಇವ್ರೂ ಇರ್ತಾರೆ, ಹೆಸರೂ ಬರತ್ತೆ. ಅಡ್ರೆಸ್ ಮಗಳ ಮನೇದು, ನಮ್ಮದು ಅವ್ರಿಗೆ ಗೊತ್ತಿರತ್ತಲ್ಲ. ಅವಳು ಗೊಣಗಿ ಗೊಣಗಿ ಒಪ್ಪಿದ್ಲು.

ಇವ್ರ ಮುಖ ಊರಗಲ! ಪರೀಕ್ಷೆ ಬರೆಸೋ ಮೇಷ್ಟ್ರ ಹಾಗೆ ಪಕ್ಕದಲ್ಲೇ ನಿಂತು ಬರೆಸಿದ್ರು. "ಅಕ್ಷರ ದುಂಡಗಿರ್ಲಿ." ಮುಗಿದ ಮೇಲೆ ಅಭ್ಯಾಸ ಬಲ, ಕೈ ಪಂಚ್ ಕಡೆ ಹೋಯ್ತು. ತಡೆದು ಹಿಂದೆ ತಗೊಂಡ್ರು. "ಬೇಡ. ಇದು ನಿಂದು. ಹಾಗೇ ಹೋಗ್ಲಿ."

ಮಾರ್ಚ್ 19

ಪೋಸ್ಟ್ ಮಾಡ್ದೆ.

ಹೋಗೋ ಮುಂಚೆ ಇವ್ರು ಸ್ನಾನಕ್ಕೆ ಹೋಗಿದ್ರು. ಚೀಟಿ ಕೈಯಲ್ಲಿ ಹಿಡ್ಕೊಂಡೆ, ಏನೋ ಬೋಳು ಬೋಳು ಅನ್ನಿಸ್ತು. ಗುಂಡಿ ಹಚ್ಚದೆ ಅಂಗಿ ಕೊಟ್ಟು ಕಳಿಸಿದ ಹಾಗೆ. ಅವ್ರ ಅದೃಷ್ಟ ಇಲ್ಲದೆ ಅವ್ರ ಆಸೆ ಹೇಗೆ ಹೋಗತ್ತೆ? ಮೂಲೇಲಿ ಒಂದು — ಟಕ್. ಚಂದ್ರನ್ನ ಎತ್ತಿ ಕಸದ ಬುಟ್ಟಿಗೆ ಹಾಕ್ದೆ.

ಹೇಳ್ಲಿಲ್ಲ. ಗೆದ್ಮೇಲೆ ಹೇಳಿ ನಗಿಸೋಣ.

ಮೇ 6, ಬುಧವಾರ — ಮಧ್ಯಾಹ್ನ

ಬಂತು! ಬಂತು! ಫೋನ್ ಬಂತು!! ಮೊದಲನೇದು! ಹುಡುಗಿ "ಕಂಗ್ರಾಟ್ಸ್ ಮೇಡಂ" ಅಂದ್ಲು. ಸೂಜಿ ಬೆರಳಿಗೆ ಚುಚ್ಚಿದ್ದೂ ಗೊತ್ತಾಗಿಲ್ಲ, ಯಾರದೋ ಬಿಳಿ ಶರ್ಟಿಗೆ ರಕ್ತ. ಇರ್ಲಿ, ತೊಳೀತೀನಿ. ಶನಿವಾರ ಫೋಟೋ ತೆಗೆಯೋರು ಬರ್ತಾರೆ. ಮನೆಯವರೆಲ್ಲ ರೆಡಿ ಇರಿ ಅಂದ್ಲು.

ಇವ್ರಿಗೆ ಹೇಳ್ದೆ. ಕುರ್ಚಿ ಹಿಡ್ಕೊಂಡು ನಿಂತ್ರು. ಅತ್ರು. ಮದುವೆಯಾದಾಗಿಂದ ಈ ಮನುಷ್ಯ ಅತ್ತಿದ್ದು ನಾನು ನೋಡಿಲ್ಲ. "ಸಾಲು ನಿಂದು, ಆಸೆ ನಂದು, ಸರಿಹೋಯ್ತು" ಅಂದ್ರು.

ಮೇ 7

ಕೆಳಗಿನ ಅಂಗಡಿಯವ್ರಿಗೆ ಹೇಳಿದ್ದೇ ತಪ್ಪು, ಬೇರೆ ಡಂಗುರವೇ ಬೇಡ. ಬೀದಿಗೆ ಬೀದಿಯೇ ಮೇಲೆ ಹತ್ತಿ ಬಂತು. "ಯಜಮಾನ್ರೇ, ನಿಮ್ಮ ಪ್ಯಾಕೆಟ್ ಬಂದ್ರೆ ಮುಂದಿನ ಸಾಲಲ್ಲೇ ಇಡ್ತೀನಿ, ಮುಖ ರೋಡಿಗೆ!" ಅಂದ್ರು ಪುಣ್ಯಾತ್ಮ. ಇವ್ರು ನೀಲಿ ಶರ್ಟ್ ಇಸ್ತ್ರಿ ಮಾಡ್ಸಿದಾರೆ. ಮೈ ಇಳಿದು ದೊಗಳೆ ಆಗಿದೆ. ಎರಡೂ ಪಕ್ಕ ಹಿಡಿದು ಹೊಲಿದು ಕೊಟ್ಟೆ.

ಮೇ 8, ಶುಕ್ರವಾರ

ಫೋನ್. ಅದೇ ಹುಡುಗಿ. ದನಿ ಬೇರೆ.

"ಮೇಡಂ, ನಿಮ್ಮ ಮನೇಲಿ ಯಾರಾದ್ರೂ... ರೆಗ್ಯುಲರ್ ಆಗಿ ಸ್ಪರ್ಧೆಗಳಿಗೆ..."

ಮಿಷನ್ ನಿಲ್ಲಿಸ್ದೆ. ನಾನು ಹಾಕಿದ್ದು ಒಂದೇ ಚೀಟಿ ಅಂದೆ. ನಾನು ಟೈಲರ್ ಅಂದೆ. ಅವಳು ಫೋನನ್ನ ಇನ್ನೊಬ್ರಿಗೆ ಕೊಟ್ಲು. ವಯಸ್ಸಾದವರ ದನಿ. ಮೆತ್ತಗೆ ಮಾತಾಡಿದ್ರು, ಅದೇ ಇನ್ನೂ ಸಂಕಟ.

"ಅಮ್ಮ, ಚೀಟಿ ಮೂಲೇಲಿ ಅರ್ಧಚಂದ್ರದ ತೂತು ಇದೆಯಲ್ಲ. ಅದು ನಂಗೆ ಚೆನ್ನಾಗಿ ಗೊತ್ತು. ಸೋಪು, ಬಿಸ್ಕತ್ತು, ಚಹಾ, ಎಲ್ಲಾ ಕಂಪನಿ ಸ್ಪರ್ಧೆನೂ ನಮ್ಮ ಆಫೀಸಿಗೇ ಬರೋದು. ವರ್ಷಗಟ್ಟಲೆ ನೋಡಿದೀನಿ. ನಮ್ಮಲ್ಲಿ ಅವ್ರಿಗೆ ಕಂಡಕ್ಟರ್ ಸಾಹೇಬ್ರು ಅಂತಾನೇ ಹೆಸರು. ಟಪಾಲಿನ ಮೂಟೆ ಬಿಚ್ಚಿದಾಗ ಒಬ್ರಲ್ಲ ಒಬ್ರು 'ಓ, ಕಂಡಕ್ಟರ್ ಸಾಹೇಬ್ರು ಬಂದ್ರಪ್ಪ' ಅಂತೀವಿ. ಏನು ಮಾಡ್ಲಿ, ರೂಲ್ಸು. ಮನೆಯವರಿಗೂ ಅನ್ವಯಿಸತ್ತೆ."

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ ಅಂತ ಕೂಗಾಡ್ದೆ. ಇವ್ರಿಗೆ ಹುಷಾರಿಲ್ಲ ಅಂತ ಬೇಡ್ಕೊಂಡೆ. ಬೇಡ್ಕೊಂಡಿದ್ದು ನೆನೆದ್ರೆ ನಾಚಿಕೆ. "ಬೇರೆ ಚೀಟಿ ಎತ್ತಿ ಆಯ್ತಮ್ಮ" ಅಂದ್ರು.

ನಾನೇ. ನನ್ನ ಕೈಯಾರೆ. ಇವ್ರು ಬೇಡ ಅಂದಿದ್ರು.

ಮೇ 9, ಶನಿವಾರ

ಹೇಳಲೇಬೇಕಾಯ್ತು. ಬೆಳಗ್ಗೆಯೇ ಶೇವ್ ಮಾಡಿ ನೀಲಿ ಶರ್ಟ್ ಹಾಕ್ಕೊಂಡು ಕೂತಿದ್ರು.

"ಹವ್ಯಾಸದವರ ಮನೆ ಅಂತ ಗೊತ್ತಾಯ್ತಂತೆ. ಕ್ಯಾನ್ಸಲ್."

ಕಾಲರ್ ಸರಿ ಮಾಡ್ಕೊಂಡ್ರು. ಆಮೇಲೆ ಹೇಳಿದ್ರು, ನನಗಲ್ಲ, ಕಿಟಕಿಗೆ. "ಹತ್ತು ಸೀಟು ಹಿಡಿದವನ್ನ ಎಬ್ಬಿಸ್ಲಿ, ಒಪ್ತೀನಿ. ಒಂದೇ ಟಿಕೆಟ್ ತಗೊಂಡು ಒಂದೇ ಸೀಟಲ್ಲಿ ಕೂತವಳನ್ನ, ನಿನ್ನ ಗಂಡ ದಿನಾ ಬಸ್ಸಲ್ಲಿ ಬರ್ತಾನೆ ಅಂತ ಇಳಿಸೋದಾ? ಇಷ್ಟು ವರ್ಷದಲ್ಲಿ ನಾನು ಯಾರನ್ನೂ ಹಾಗೆ ಇಳಿಸಿಲ್ಲ."

ಮತ್ತೆ ಕೇಳಿದ್ರು — "ಹೇಗೆ ಗೊತ್ತಾಯ್ತು ಅವ್ರಿಗೆ?"

ಬಾಯಿ ಬಿಟ್ರೆ ಬಣ್ಣಗೇಡು. "ಯಾರೋ ಚಾಡಿ ಹೇಳಿರ್ಬೇಕು ರೀ" ಅಂದ್ಬಿಟ್ಟೆ.

ಶರ್ಟ್ ಬಿಚ್ಚಲೇ ಇಲ್ಲ. ಸಂಜೆವರೆಗೂ ಹಾಗೇ ಕೂತಿದ್ರು.

ಮೇ 13

ಒಂದು ಸುಳ್ಳಿಗೆ ಎಷ್ಟು ಕಾಲು! ಚಾಡಿ ಹೇಳಿದ್ದು ಅಂಗಡಿಯವ್ರೇ ಅಂತ ಇವ್ರು ತೀರ್ಮಾನ ಮಾಡ್ಕೊಂಡಿದಾರೆ. ಬೀದಿಗೆಲ್ಲ ಸಾರಿದ್ದು ಅವ್ರೇ ತಾನೇ, ಅಂತ. ಇವತ್ತು ಅವ್ರು ಬಿಸ್ಕತ್ ತಗೊಂಡು ನೋಡೋಕೆ ಬಂದ್ರೆ ಇವ್ರು ಗೋಡೆ ಕಡೆ ತಿರುಗಿ ಮಲಗಿದ್ರು. ಪಾಪ, ಮುಖ ಸಣ್ಣದು ಮಾಡ್ಕೊಂಡು ಇಳಿದು ಹೋದ್ರು. "ನಾನೇನು ಮಾಡ್ದೆ ತಾಯಿ?" ಅಂತ ಮೆಟ್ಟಿಲ ಹತ್ರ ಕೇಳಿದ್ರು. ಬಿಸ್ಕತ್ ಪೊಟ್ಟಣ ಹಿಡ್ಕೊಂಡು ಒಳಗೆ ಬಂದೆ.

ಗೋಂದು, ಪೆನ್ನು ಮೇಜಿನ ಮೇಲೆ ಮುಟ್ಟದೆ ಬಿದ್ದಿವೆ. ನನ್ನ ಕತ್ತರಿ ತಂದು ನನ್ನ ಪಕ್ಕದಲ್ಲೇ ಇಟ್ಟಿದಾರೆ. ತಗೊಳ್ರೀ ಅಂದೆ. "ಮೊಂಡಾಗತ್ತೆ" ಅಂದ್ರು.

ಮೇ 20

ಇವತ್ತು ಕೇಳಿದ್ರು. "ನಾನು ಕಳಿಸಿದ್ದನ್ನೆಲ್ಲ ಯಾರಾದ್ರೂ ಓದಿರ್ತಾರೆ ಅಂತೀಯಾ? ಅಥ್ವಾ ಹಾಗೇ ಕಸಕ್ಕಾ?"

ಓದ್ತಾರೆ ರೀ! ಮೂಟೆ ಬಿಚ್ಚಿದ ಕೂಡಲೇ ನಿಮ್ಮನ್ನ ಹುಡುಕ್ತಾರೆ! ನಿಮಗೊಂದು ಹೆಸರಿಟ್ಟಿದಾರೆ! ಕಂಡಕ್ಟರ್ ಸಾಹೇಬ್ರು ಬಂದ್ರಪ್ಪ ಅಂತಾರೆ! — ನಾಲಿಗೆ ತುದಿಗೆ ಬಂತು. ಇವ್ರಿಗೆ ಬೇಕಾಗಿದ್ದು ಅದೊಂದೇ ತಾನೇ, ಯಾರೋ ಗುರುತಿಸೋದು. ಅದು ನನ್ನ ಬಾಯಲ್ಲೇ ಇದೆ. ಆದ್ರೆ ಅದನ್ನ ಹೇಳಿದ್ರೆ ಹೇಗೆ ಗುರುತಿಸಿದ್ರು ಅಂತಾನೂ ಹೇಳ್ಬೇಕು. ಬೇಡ ಅಂದಿದ್ನಲ್ಲೇ ಅಂತಾರೆ. ಅನ್ನೋದೂ ಇಲ್ಲ, ಸುಮ್ನೆ ನೋಡ್ತಾರೆ. ಆ ನೋಟ ತಡ್ಕೊಳ್ಳೋ ಶಕ್ತಿ ನನಗಿಲ್ಲ.

"ಓದಿರ್ತಾರೆ ಬಿಡಿ" ಅಂದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ಮೇ 24, ಭಾನುವಾರ

ನಿರ್ಧಾರ ಮಾಡಿದೀನಿ. ನಾಳೆ ಹೇಳ್ತೀನಿ. ಬೆಳಗ್ಗೆ ಚಹಾ ಕೊಟ್ಟು, ಎದುರು ಕೂತು. ಬೈದ್ರೆ ಬೈಸ್ಕೋತೀನಿ.

ಜೂನ್ 21

ಒಂದು ತಿಂಗಳು ಬರೀಲಿಲ್ಲ. ಇವತ್ತು ಪುಟ ತೆಗೆದ್ರೆ "ನಾಳೆ ಹೇಳ್ತೀನಿ" ಅಂತಿದೆ.

ಮರುದಿನ ಬೆಳಗ್ಗೆ ಚಹಾ ಒಲೆ ಮೇಲಿತ್ತು. ಬಾತ್‌ರೂಮಿಂದ ಬಂದವ್ರು ಬಾಗಿಲ ಹತ್ರಾನೇ ಕುಸಿದ್ರು. ಕೂಗ್ಕೊಂಡೆ. ಮೊದಲು ಓಡಿ ಬಂದಿದ್ದು ಅಂಗಡಿಯವ್ರು. ಎರಡು ಮಹಡಿ, ಕುರ್ಚಿ ಸಮೇತ ಎತ್ತಿ ಇಳಿಸಿದ್ದು ಅವ್ರೇ. ಇವ್ರ ತಲೆ ಅವ್ರ ಭುಜದ ಮೇಲಿತ್ತು. ತಾವು ಮಾತು ಬಿಟ್ಟಿದ್ದ ಮನುಷ್ಯನ ಭುಜ.

ಆಂಬುಲೆನ್ಸಲ್ಲಿ ಕಿವಿಗೆ ಬಾಯಿಟ್ಟು ಹೇಳ್ದೆ. ಎಲ್ಲಾ. ಪಂಚ್ ಮಾಡಿದ್ದು ನಾನೇ ರೀ, ನಿಮ್ಮ ಅದೃಷ್ಟ ಜೊತೇಲಿರ್ಲಿ ಅಂತ. ಅವ್ರು ನಿಮ್ಮನ್ನ ಕಂಡಕ್ಟರ್ ಸಾಹೇಬ್ರು ಅಂತಾರೆ ರೀ. ಕೇಳಿಸ್ತಾ? ಕೇಳಿಸ್ತಾ? ಅಂತ ಕೇಳ್ತಾನೇ ಇದ್ದೆ. ಕೈ ನನ್ನ ಕೈಯಲ್ಲೇ ಇತ್ತು. ಅದುಮಿದ್ರು ಅಂತ ಒಂದೊಂದ್ಸಲ ಅನ್ಸತ್ತೆ. ರಸ್ತೆ ಗುಂಡಿಗೆ ಗಾಡಿ ಕುಲುಕಿತ್ತು, ಅದೂ ಇರ್ಬಹುದು.

ನೀಲಿ ಶರ್ಟಲ್ಲೇ ಕಳಿಸಿಕೊಟ್ವಿ. ಅಳತೆ ಸರಿಯಾಗಿತ್ತು.

ಜೂನ್ 27

ಅಂಗಡಿಯವ್ರಿಗೆ ನಿಜ ಹೇಳಿ ಕ್ಷಮೆ ಕೇಳ್ದೆ. ಕಣ್ಣೊರೆಸಿಕೊಂಡು "ಹೋಗ್ಲಿ ಬಿಡಿ ತಾಯಿ" ಅಂದ್ರು. ಆಮೇಲೆ ಅನುಮಾನಿಸ್ತಾ ಒಂದು ಚಹಾ ಪ್ಯಾಕೆಟ್ ತೆಗೆದು ತೋರ್ಸಿದ್ರು. ಹೊಸದು ಬಂದಿದೆ. ಯಾರೋ ಹುಡುಗ, ಅವನ ಅಮ್ಮ, ಇಬ್ರೂ ಹಲ್ಲು ಬಿಟ್ಕೊಂಡು ನಗ್ತಾ. "ನಮ್ಮ ಚಹಾ, ನಮ್ಮ ಖುಷಿ." ಸಪ್ಪೆ ಸಾಲು. ಬೈಯೋಣ ಅಂದ್ಕೊಂಡೆ. ಆ ಹುಡುಗ ಏನು ಮಾಡ್ದ? ಒಂದೇ ಚೀಟಿ ಹಾಕಿರ್ತಾನೆ. ಅವನಮ್ಮ ಚೆನ್ನಾಗಿ ತಲೆ ಬಾಚಿಕೊಂಡಿದಾಳೆ. ಫೋಟೋಗೆ ಅಂತ.

ಅಂಗಡಿಯವ್ರು ಆ ಪ್ಯಾಕೆಟ್‌ಗಳನ್ನ ಹಿಂದಿನ ಸಾಲಲ್ಲಿ ಇಟ್ಟಿದಾರೆ, ಮುಖ ಗೋಡೆಗೆ. ಬೇಡ, ಮುಂದಿಡಿ ಅಂದೆ.

ಜುಲೈ 11, ಶನಿವಾರ

ಪ್ಯಾಂಟುಗಳು ಮುಗಿದ್ವು. ಇವತ್ತೂ ಎರಡು ಲೋಟ ಚಹಾ ಮಾಡಿದೀನಿ. ಒಂದು ಆರ್ತಾ ಇದೆ. ಜಗಳ ಆಡೋಕೂ ಜನ ಇಲ್ಲದ ಮೇಲೆ ಚಹಾ ಆರದೆ ಏನು ಮಾಡತ್ತೆ.

ಸೋಪಿನ ಕವರಿನಲ್ಲಿ ಹೊಸ ಸ್ಪರ್ಧೆ. ಅದೇ ಇರುವೆ ಸಾಲು, ಅದೇ ನಿಯಮ. ಓದ್ದೆ. ನನ್ನ ಬಟ್ಟೆ ಕತ್ತರಿಯಲ್ಲೇ ಕೂಪನ್ ಕತ್ತರಿಸ್ದೆ. ಮೊಂಡಾದ್ರೆ ಆಗ್ಲಿ. ಈ ಸಲ ಅವ್ರ ಹೆಸರೇ ಬರ್ದೆ, ಅಕ್ಷರ ದುಂಡಗೆ. ಮೂಲೇಲಿ ಒಂದು — ಟಕ್. ಚಂದ್ರ ನೆಲದ ಮೇಲೆ ಬಿತ್ತು. ಗುಡಿಸಲಿಲ್ಲ.

ಮಗಳು ನೋಡ್ತಾ ನಿಂತಿದ್ಲು. "ಅಮ್ಮ, ಡ್ರಾಗೇ ಸೇರಿಸಲ್ಲ ಅವ್ರು. ನೋಡಿದ ತಕ್ಷಣ ಎಸೀತಾರೆ."

ಗೊತ್ತು ಕಣೇ. ಎಸೀಲಿ. ತಿಂಗಳಿಗೊಂದು ಕಳಿಸ್ತೀನಿ. ಎಸೆಯೋ ಮುಂಚೆ ಮೂಟೆ ಬಿಚ್ಚಲೇಬೇಕಲ್ಲ. ಯಾರಾದ್ರೂ ಒಬ್ರು ಆ ತೂತು ನೋಡಿ, ಪಕ್ಕದವರಿಗೆ ಕೇಳೋ ಹಾಗೆ, ಓ ಕಂಡಕ್ಟರ್ ಸಾಹೇಬ್ರು...