ಪಪ್ಪನ ಟ್ರಾಂಬೋನಿನ ನೆಗ್ಗು

ಎಪ್ಪಿಂಗ್, ಸಿಡ್ನಿ
೧೪ ಮೇ ೨೦೨೫

ಪ್ರೀತಿಯ ಜಾಕೊಬಣ್ಣನಿಗೆ,

ಬೆನ್ನುನೋವು ಹೇಗಿದೆ? ಕಾರಿನ ಕೆಳಗೆ ಇನ್ನೂ ನೀನೇ ನುಗ್ಗುತ್ತೀಯೆಂದು ಕ್ಲೌಡಿಯಾ ಅತ್ತಿಗೆ ಫೋನಿನಲ್ಲಿ ಬೈಯುತ್ತಿದ್ದರು. ಅರವತ್ತೊಂದು ವರ್ಷಕ್ಕೆ ಟಿಂಕರಿಂಗ್ ಶಾಪಿನಲ್ಲಿ ಸುತ್ತಿಗೆ ಹಿಡಿದು ನಿಲ್ಲುವುದು ಸಾಕಲ್ಲವೇ? ಹೇಳಿದರೆ ನೀನು ಕೇಳುವವನಲ್ಲ, ಗೊತ್ತು. ನಾನು ಆರೋಗ್ಯವಾಗಿದ್ದೇನೆ. ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ, ಊದುವವನಿಗೆ ಅದು ಒಳ್ಳೆಯ ಸುದ್ದಿಯಲ್ಲ. ವಾಟ್ಸಾಪ್ ಬಿಟ್ಟು ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀ.

ಸುದ್ದಿ ಇಷ್ಟು. ಯೂನಿವರ್ಸಿಟಿಯಲ್ಲಿ ಇದೇ ನನ್ನ ಕೊನೆಯ ಸೆಮಿಸ್ಟರ್. ಇಪ್ಪತ್ತಾರು ವರ್ಷ ಜಾಝ್ ಕಲಿಸಿದೆ. ಅದಕ್ಕೆ ಮೊದಲು ಕ್ಲಬ್ಬುಗಳಲ್ಲಿ, ಹಡಗುಗಳಲ್ಲಿ, ಯಾರ್ಯಾರದೋ ಮದುವೆಗಳಲ್ಲಿ ಊದಿದೆ. ಆದ್ಯಾ ಎಂಬ ವಿದ್ಯಾರ್ಥಿನಿ, ಮೈಸೂರಿನವರ ಮಗಳು, ನನ್ನ ವಾದನದ ಮೇಲೆ ನಲವತ್ತು ಪುಟ ಬರೆದಿದ್ದಾಳೆ. ಟ್ರಾಂಬೋನಿನ ಜಾರುಕೊಳವೆಯನ್ನು ಮುಂದಕ್ಕೆ ತಳ್ಳಿದಷ್ಟೂ ಸ್ವರ ಇಳಿಯುತ್ತದಲ್ಲ, ನಾನು ಏಳು ಪೊಸಿಷನ್ನುಗಳಲ್ಲಿ ಐದನೆಯದರಲ್ಲೇ ಕೈ ನಿಲ್ಲಿಸಿ, ಉಳಿದದ್ದನ್ನು ತುಟಿ ಸಡಿಲಿಸಿ ಇಳಿಸುತ್ತೇನಂತೆ. ಅದು ನನ್ನದೇ ‘ಡಿಕ್ಸನ್ ಶೈಲಿ’ಯಂತೆ. "ಸರ್, ಯಾವಾಗ್ಲೂ ಅಲ್ಲೇ ಸ್ಟಾಪ್ ಮಾಡ್ತೀರಲ್ಲ, ಈಸ್ ಇಟ್ ಗ್ರೀಫ್?" ಎಂದು ಕೇಳಿದಳು. ದುಃಖವೂ ಇಲ್ಲ, ಮಣ್ಣೂ ಇಲ್ಲ. ಪಪ್ಪನ ಟ್ರಾಂಬೋನಿನ ಕೊಳವೆ ಅಲ್ಲಿ ನೆಗ್ಗಿತ್ತು, ಮುಂದೆ ಹೋಗುತ್ತಿರಲಿಲ್ಲ. ಆಮೇಲೆ ನಾಲ್ಕು ಹೊಸ ವಾದ್ಯ ಕೊಂಡೆ, ಕೈ ಮಾತ್ರ ಇಂದಿಗೂ ಅಲ್ಲೇ ನಿಲ್ಲುತ್ತದೆ. ನನ್ನ ಹತ್ತಿರ ಕಲಿತವರೂ ಒಳ್ಳೆಯ ವಾದ್ಯ ಹಿಡಿದು ಅಲ್ಲೇ ನಿಲ್ಲಿಸುತ್ತಾರೆ, ಪಾಪ.

ಆ ನೆಗ್ಗನ್ನು ನೀನು ಮರೆತಿರಲಾರೆ. ಇಗರ್ಜಿಯ ಹಬ್ಬದ ಹಿಂದಿನ ದಿನ, ಬ್ಯಾಂಡಿನ ಅಭ್ಯಾಸ ಮುಗಿಸಿ ನೀನು ಟ್ರಾಂಬೋನನ್ನು ಗೋಡೆಗೆ ಒರಗಿಸಿ ಚಹಾ ಕುಡಿಯಲು ಹೋಗಿದ್ದೆ. ಬಂದಾಗ ಮೆಟ್ಟಿಲ ಕೆಳಗೆ ಬಿದ್ದಿತ್ತು. "ಇನ್ನು ಇದನ್ನು ಮುಟ್ಟಬೇಡ" ಎಂದರು ಪಪ್ಪ. ಮರುವಾರ ನನ್ನ ಕೈಗೆ ಕೊಟ್ಟರು. ನಿನಗೆ ಹದಿನಾಲ್ಕು, ನನಗೆ ಹನ್ನೊಂದು. ನೀನು ನನಗಿಂತ ಚೆನ್ನಾಗಿ ಊದುತ್ತಿದ್ದೆ, ಇದು ಬಾಯಿಮಾತಲ್ಲ. ಆಮೇಲೆ ಮದುವೆಮನೆಯಲ್ಲಿ ಬ್ಯಾಂಡು ಶುರುವಾದರೆ ನೀನು ಎದ್ದು ಹೊರಗೆ ಹೋಗುತ್ತಿದ್ದೆ. ನಾನೇ ಸರಿಯಾಗಿ ಒರಗಿಸಲಿಲ್ಲ ಎಂದು ಈಗಲೂ ಹೇಳುತ್ತೀ.

ಜೂನ್ ಏಳರ ಶನಿವಾರ ಮಧ್ಯಾಹ್ನ ಮೆಲ್ಬರ್ನಿನಲ್ಲಿ ನನ್ನ ಕೊನೆಯ ಕಾರ್ಯಕ್ರಮ. ನಿನ್ನ ಕ್ರೇಗಿಬರ್ನ್‌ನಿಂದ ಒಂದೇ ರೈಲು. ಇಷ್ಟು ವರ್ಷದಲ್ಲಿ ನೀನು ಒಂದಕ್ಕೂ ಬಂದಿಲ್ಲ, ನಾನೂ ಒತ್ತಾಯಿಸಿಲ್ಲ. ಈ ಸಲ ಬಾ. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ದೇವರು ನಿನ್ನ ಬೆನ್ನನ್ನು ಕಾಯಲಿ.

ನಿನ್ನ ತಮ್ಮ,
ಡಿಕ್ಸನ್

ಲಕೋಟೆ ಅಂಟಿಸುವ ಮೊದಲು: ಅವತ್ತು ಟ್ರಾಂಬೋನನ್ನು ಬೀಳಿಸಿದ್ದು ನಾನು. ಊದಿ ನೋಡುವ ಆಸೆಗೆ ಎತ್ತಿಕೊಂಡೆ, ಮೆಟ್ಟಿಲಲ್ಲಿ ಕೈ ಜಾರಿತು. ನೀನು ಸರಿಯಾಗಿಯೇ ಒರಗಿಸಿದ್ದೆ, ಅಣ್ಣಾ. ಹೇಳಲು ಹೆದರಿದೆ, ಆಮೇಲೆ ಹೇಳಲು ನಾಚಿಕೆಯಾಯಿತು. ವೇದಿಕೆಯಲ್ಲಿ ಎಲ್ಲರ ಮುಂದೆ ಹೇಳುತ್ತೇನೆ, ಮೊದಲು ನಿನಗೆ ಗೊತ್ತಿರಲಿ. ಪಪ್ಪನ ಟ್ರಾಂಬೋನ್ ನನ್ನ ಬಳಿಯೇ ಇದೆ, ತರುತ್ತೇನೆ. ಅದು ನಿನ್ನದು. ನೆಗ್ಗು ತೆಗೆಯುವುದು ನಿನಗೆ ಅರ್ಧ ಗಂಟೆಯ ಕೆಲಸ.