ಬ್ಯಾಗಿನಲ್ಲಿ ಹಿಡಿಯುವ ಹಲಗೆ

ಹೊರಕೆರೆದೇವಪುರ
೧೪ ಜೂನ್ ೨೦೦೮

ಅಣ್ಣ ಮಾರುತೇಶನಿಗೆ ಆಶಾರಾಣಿಯ ನಮಸ್ಕಾರ.

ಅವ್ವನ ಎದುರು ಫೋನಿನಲ್ಲಿ ಮಾತಾಡಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಾಜಿನ ಮೇಲೆಯೇ ಪೆನ್ನಿನಿಂದ ಚಿತ್ರ ಬರೆಯುವ ಸ್ಕ್ರೀನ್ ಹಿರಿಯೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುತ್ತದೆ, ಕಂಪ್ಯೂಟರ್ ಸಮೇತ ಕೊಡಿಸುತ್ತೇನೆ ಎಂದು ನೀನು ಹೇಳಿದಾಗ ಕುಣಿದಾಡಿದೆ. ಆಮೇಲೆ ಯೋಚನೆ ಬಂತು. ಹೋದ ವರ್ಷ ಬಣ್ಣದ ಪೆನ್ಸಿಲ್ ಕೇಳಿದ್ದಕ್ಕೆ ಗದರಿದವನು ನೀನು.

ನನ್ನನ್ನು ಕೇಳುವ ಮೊದಲೇ ಒಳಕೋಣೆಗೆ ಪ್ಲಗ್ ಹಾಕಲು ಆಳು ಬಂದಿದ್ದ. ಕಿಟಕಿಯಿಲ್ಲದ ಆ ಕೋಣೆಯೇ ಯಾಕೆ ಎಂದರೆ ಅವ್ವ, "ಇನ್ಮೇಲೆ ನೀನು ದುರ್ಗದ ಪ್ರೆಸ್ಸಿಗೆ ಹೋಗಾದೇ ಬ್ಯಾಡಂತೆ ಕಣೇ, ಎಲ್ಲಾ ಮನೇಲೇ ಕುಂತು ಬರೀಬೋದಂತೆ" ಅಂದಳು. ಪ್ರೆಸ್ಸಿನ ಹನುಮಂತರಾಜು ಜೊತೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುವುದನ್ನು ದಾಸಣ್ಣ ಮಾವ ನೋಡಿದ ವಾರವೇ ನಿನಗೆ ನನ್ನ ಚಿತ್ರಗಳ ಮೇಲೆ ಪ್ರೀತಿ ಹುಟ್ಟಿತಲ್ಲ, ಅದೇ ಸೋಜಿಗ.

ಆ ಸ್ಕ್ರೀನ್ ಬಲು ಭಾರ. ವೈರುಗಳೆಲ್ಲ ಕಂಪ್ಯೂಟರಿಗೂ ಗೋಡೆಗೂ ಸಿಕ್ಕಿಕೊಂಡಿರುತ್ತವೆ, ಇಟ್ಟಲ್ಲಿಂದ ಅಲುಗಿಸುವಂತಿಲ್ಲ. ನನಗೆ ಸ್ಕ್ರೀನ್ ಇಲ್ಲದ ಬರೀ ಹಲಗೆ ಸಾಕು, ಅದರ ಮೇಲೆ ಪೆನ್ನಿನಿಂದ ಗೀಚಿದ್ದು ಕಂಪ್ಯೂಟರಿನಲ್ಲಿ ಮೂಡುತ್ತದೆ. ಪ್ರೆಸ್ಸಿನ ಕಂಪ್ಯೂಟರಿಗೆ ಸಿಕ್ಕಿಸಿ ಚಿತ್ರ ಬರೆದು, ಸಂಜೆ ಬ್ಯಾಗಿನಲ್ಲಿ ಹಾಕಿಕೊಂಡು ಬಸ್ ಹತ್ತುತ್ತೇನೆ. ಬೆಲೆಯೂ ಅರ್ಧಕ್ಕಿಂತ ಕಡಿಮೆ, ವಿಚಾರಿಸಿದ್ದೇನೆ.

ಅದನ್ನೇ ಕೊಡಿಸು. ಇಲ್ಲ, ದುಬಾರಿಯದ್ದೇ ತಗೋ ಎಂದು ನೀನು ಹಟ ಹಿಡಿದರೆ, ಯಾಕೆಂದು ಈ ಸಲ ಅವ್ವನ ಎದುರೇ ಕೇಳುತ್ತೇನೆ.

ಪ್ಲಗ್ ಹಾಕುವವನನ್ನು ವಾಪಸ್ ಕಳಿಸಿದ್ದೇನೆ.

ಇತಿ ನಿನ್ನ ತಂಗಿ,
ಆಶಾರಾಣಿ