ಬೀಗದೊಳಗಿನ ಬೆಣ್ಣೆ

ಮಾರ್ಚ್ ೧೨, ಗುರುವಾರ

ಊಟದ ಮೇಜಿನಲ್ಲಿ ಜಿಡ್ಡಿನ ಸುದ್ದಿ ಎತ್ತಿದ್ದೇ ತಪ್ಪಾಯಿತು. ರಕ್ತದ ಕೊಬ್ಬು ಇಳಿಸುವ ನಮ್ಮ ಕಂಪನಿಯ ಮಾತ್ರೆ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನ ಊಟದ ಜೊತೆ ನುಂಗಿದರೆ ಮಾತ್ರ ಮೈಗೆ ಹತ್ತುತ್ತದೆ ಎಂದು ಹೋದ ವಾರ ಗೊಣಗಿದ್ದೆ. ಅಪ್ಪ ನುಂಗುವುದೂ ಅದೇ ಮಾತ್ರೆ. ಅಂದಿನಿಂದ ಬ್ರೆಡ್ಡಿಗೆ ಬೆರಳು ದಪ್ಪ ಬೆಣ್ಣೆ ಬಳಿಯುತ್ತಿದ್ದಾರೆ. ಅಮ್ಮ ಕಣ್ಣು ಬಿಟ್ಟರೆ, "ನಂದೇನಿದೆ? ಔಷಧಿ ಮಾಡೋ ಮಗಳೇ ಹೇಳಿದಾಳಲ್ಲ," ಎನ್ನುತ್ತಾರೆ.

ಇವತ್ತು ಲ್ಯಾಬಿನಲ್ಲಿ ಗೆದ್ದೆ! ಆ ಹಟಮಾರಿ ಪುಡಿಯನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆದು, ಕಣಗಳು ಮತ್ತೆ ಅಂಟಿಕೊಳ್ಳದಂತೆ ತೆಳ್ಳನೆ ಲೇಪ ಕೊಟ್ಟೆ. ನೀರಿನ ತಳದಲ್ಲಿ ಮುನಿಸಿಕೊಂಡು ಕೂರುತ್ತಿದ್ದದ್ದು ಸದ್ದಿಲ್ಲದೆ ಕರಗಿತು. ಮನುಷ್ಯರ ಹೊಟ್ಟೆಯಲ್ಲೂ ಹೀಗೇ ಆದರೆ ಬೆಣ್ಣೆಯ ಹಂಗಿಲ್ಲ.

ಮನೆಗೆ ಬಂದು ಕುಣಿಯುತ್ತ ಹೇಳಿದೆ. ಅಪ್ಪನ ಚಾಕು ಬ್ರೆಡ್ಡಿನ ಮೇಲೆಯೇ ನಿಂತಿತು.

"ಅಂಗಡಿಗೆ ಯಾವಾಗ ಬರುತ್ತೆ?"

"ಪರೀಕ್ಷೆ ಎಲ್ಲಾ ಮುಗೀಬೇಕಪ್ಪಾ. ಮೂರ್ನಾಲ್ಕು ವರ್ಷ ಆಗಬಹುದು."

"ಅವಸರ ಏನಿಲ್ಲ ಮಗಳೇ, ನಿಧಾನವಾಗೇ ಮಾಡು," ಎಂದು ಮತ್ತೆ ಬಳಿಯತೊಡಗಿದರು.

ಅಮ್ಮ ಬೆಣ್ಣೆ ಡಬ್ಬಿ ಕಸಿದುಕೊಂಡು ಹೋಗಿ ತನ್ನ ಬಟ್ಟೆ ಬೀರುವಿನಲ್ಲಿಟ್ಟು ಬೀಗ ಜಡಿದಳು. "ನಿನ್ನ ಮಾತ್ರೆ ಕರಗಿದ್ದು ಸಾಕು. ಇನ್ನು ಇವರ ಹೊಟ್ಟೆ ಕರಗಲಿ!"

ಬರೆಯುತ್ತಿರುವಾಗಲೇ ಅಪ್ಪ ಬಾಗಿಲಲ್ಲಿ ಇಣುಕಿ ಪಿಸುಗುಟ್ಟಿದರು. "ಬೀರುವಿನಲ್ಲಿ ಬೆಣ್ಣೆ ಕರಗ್ತಿದೆ, ನಿಮ್ಮಮ್ಮ ಮಾತ್ರ ಕರಗ್ತಿಲ್ಲ. ಅವಳಿಗೆ ಸ್ವಲ್ಪ ಬೆಣ್ಣೆ ಹಚ್ಚೋಣ ಅಂದ್ರೆ, ಅದೂ ಬೀಗದೊಳಗಿದೆಯಲ್ಲೇ!"